ಮೂವತ್ತು ಲಾರಿ, ಒಂದು ಕ್ವಿಂಟಾಲ್

ನಮ್ಮ ಕಡೆ ನಿತ್ಯಕಲ್ಯಾಣಿ ಇಲ್ಲದ ಅಂಗಳವಿಲ್ಲ. ಯಾರೂ ಆಸ್ಥೆಯಿಂದ ನೆಡುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಕಾಂಪೌಂಡಿನ ಬಿರುಕಿನಲ್ಲಿ, ಬಚ್ಚಲ ನೀರು ಹರಿಯುವ ಮಗ್ಗುಲಲ್ಲಿ ತಾನಾಗಿ ಎದ್ದು ವರ್ಷವಿಡೀ ಹೂ ಬಿಡುತ್ತದೆ. ಕೆಲವರು ಸದಾಪುಷ್ಪ ಎನ್ನುತ್ತಾರೆ, ಕೆಲವು ಊರುಗಳಲ್ಲಿ ಕಾಶಿಕಣಗಿಲೆ. ದೇವರ ತಲೆಗೆ ಬೇರೆ ಹೂವು ಸಿಗದ ದಿನ ಅಜ್ಜಿ ಇದನ್ನೇ ಕಿತ್ತು ತರುತ್ತಿದ್ದರು. ಆ ಕಹಿ ಎಲೆಯೊಳಗೆ ಏನಿದೆಯೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ಅದರಲ್ಲಿ ವಿನ್‌ಕ್ರಿಸ್ಟಿನ್ ಇದೆ. ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಾಗ ಜಗತ್ತಿನ ಎಲ್ಲ ಆಸ್ಪತ್ರೆಗಳೂ ಕೊಡುವ ಔಷಧಿಗಳ ಪಟ್ಟಿಯಲ್ಲಿ ಅದು ಇದ್ದೇ ಇರುತ್ತದೆ. ಎಲೆಯಲ್ಲಿ ಅದು ಇರುವ ಪ್ರಮಾಣ ಎಷ್ಟು ಕಡಿಮೆಯೆಂದರೆ, ಒಂದು ಗ್ರಾಂ ತೆಗೆಯಲು ಸುಮಾರು ಅರ್ಧ ಟನ್ ಒಣ ಎಲೆ ಬೇಕು. ಒಂದು ಇಂಜೆಕ್ಷನ್ನಿಗೆ ಹೆಚ್ಚೆಂದರೆ ಎರಡು ಮಿಲಿಗ್ರಾಂ. ಅದು ಒಂದು ರಾಗಿಕಾಳಿನ ತೂಕಕ್ಕಿಂತ ಕಡಿಮೆ. ಆ ಒಂದು ಕಾಳಿನಷ್ಟು ಮದ್ದಿಗೆ ಒಂದು ಕಿಲೋ ಒಣ ಎಲೆ. ಹಸಿ ಗಿಡದ ಲೆಕ್ಕದಲ್ಲಿ ಅಂಗಳ ಪೂರ್ತಿ ಬೋಳಾಗಬೇಕು.

ಈ ಗುಣ ಗೊತ್ತಾದದ್ದು ಆಕಸ್ಮಿಕವಾಗಿ. 1952ರಲ್ಲಿ ಜಮೈಕಾದಿಂದ ಕೆನಡಾದ ವೈದ್ಯರೊಬ್ಬರಿಗೆ ಲಕೋಟೆಯಲ್ಲಿ ಈ ಗಿಡದ ಎಲೆ ಬಂತು. ಅಲ್ಲಿನ ಜನ ಸಕ್ಕರೆ ಕಾಯಿಲೆಗೆ ಅದರ ಕಷಾಯ ಕುಡಿಯುತ್ತಿದ್ದರು. ಆ ವೈದ್ಯರ ತಮ್ಮ ರಾಬರ್ಟ್ ನೋಬಲ್, ಜೊತೆಗಾರ ಚಾರ್ಲ್ಸ್ ಬಿಯರ್ ಇಬ್ಬರೂ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ರಕ್ತದ ಬಿಳಿಕಣಗಳು ಇಳಿದವು. ಬಿಳಿಕಣ ಮಿತಿಮೀರಿ ಬೆಳೆಯುವುದೇ ರಕ್ತದ ಕ್ಯಾನ್ಸರ್ ಅಲ್ಲವೇ! 1958ರಲ್ಲಿ ವಿನ್‌ಬ್ಲಾಸ್ಟಿನ್ ಬಂತು, ಅದರ ಬೆನ್ನಿಗೆ ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು.

ಅದಕ್ಕೆ ಮುಂಚೆ ಲುಕೇಮಿಯಾ ಬಂದ ಮಗು ಉಳಿಯುವುದೆಂದರೆ ಪವಾಡ. ಇವತ್ತು ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗಿ ಮನೆಗೆ ಹೋಗುತ್ತಾರೆ, ಶಾಲೆಗೆ ಹೋಗುತ್ತಾರೆ, ಮದುವೆಯಾಗುತ್ತಾರೆ. ಬಹಳಷ್ಟು ಬಡ ದೇಶಗಳಲ್ಲಿ ಅದೇ ನೂರರಲ್ಲಿ ಉಳಿಯುವವರು ಮೂವತ್ತಕ್ಕಿಂತ ಕಡಿಮೆ. ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಈ ರೋಗಕ್ಕೆ ಸಿಕ್ಕಿಬೀಳುತ್ತಾರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಎರಡೂ ಕಡೆಯ ಮಕ್ಕಳ ರೋಗ ಒಂದೇ, ಮದ್ದಿನ ಹೆಸರೂ ಒಂದೇ. ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ಒಂದು ಕಡೆ ಅಷ್ಟೂ ಕಾಲ ಔಷಧಿ ತಪ್ಪದೆ ಸಿಗುತ್ತದೆ. ಇನ್ನೊಂದು ಕಡೆ ಜ್ವರಕ್ಕೆ ಮಲೇರಿಯಾ ಗುಳಿಗೆ ನುಂಗಿಸಿ ತಿಂಗಳು ಕಳೆದಿರುತ್ತದೆ, ಕೀಮೋ ಶುರುವಾದರೂ ಅಪ್ಪನ ಕೈ ಬರಿದಾಗಿ ಅರ್ಧಕ್ಕೇ ಊರಿಗೆ ವಾಪಸ್ಸಾಗುತ್ತಾರೆ.

ಈ ಗಿಡದ ತವರು ಮಡಗಾಸ್ಕರ್ ದ್ವೀಪ. ಜಗತ್ತಿನ ಕಡುಬಡ ದೇಶಗಳಲ್ಲಿ ಅದೂ ಒಂದು.

ಕ್ಯಾನ್ಸರ್ ಲೆಕ್ಕಗಳನ್ನು ಓದಲು ಕೂತಾಗಲೆಲ್ಲ ನನಗೆ ಈ ಹೂವು ಕಣ್ಣಮುಂದೆ ಬರುತ್ತದೆ. ಮದ್ದು ಎಲ್ಲಿ ಹುಟ್ಟಿತು, ಎಲ್ಲಿಗೆ ಹೋಯಿತು, ಎಲ್ಲಿಗೆ ಮುಟ್ಟಲೇ ಇಲ್ಲ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ಅಂಕಿಗಳು ಬೇರೆಯೇ ಮಾತಾಡುತ್ತವೆ.

ಮೊದಲು ದೊಡ್ಡ ಅಂಕಿ. 2022ರಲ್ಲಿ ಇಡೀ ಜಗತ್ತಿನಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾದವರು ಸುಮಾರು 2 ಕೋಟಿ ಜನ. ಸತ್ತವರು 97 ಲಕ್ಷ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ 96 ಲಕ್ಷವಿತ್ತು. ಯಲಹಂಕದಿಂದ ಆನೇಕಲ್ಲಿನವರೆಗೆ, ಕೆಂಗೇರಿಯಿಂದ ವೈಟ್‌ಫೀಲ್ಡಿನವರೆಗೆ ಆವತ್ತು ಬದುಕಿದ್ದ ಪ್ರತಿ ಮನುಷ್ಯನೂ, ಕೂಸು ಮುದುಕರೆನ್ನದೆ, ಹನ್ನೆರಡು ತಿಂಗಳಲ್ಲಿ ಇಲ್ಲವಾದಂತೆ. ಮರುವರ್ಷ ಮತ್ತೊಮ್ಮೆ. ನಮ್ಮ ದೇಶದ ಪಾಲು 14 ಲಕ್ಷ ಹೊಸ ರೋಗಿಗಳು, 9 ಲಕ್ಷದ 16 ಸಾವಿರ ಸಾವು. ಈ ಸಾವುಗಳೇ ಅದೇ ಗಣತಿಯ ಮೈಸೂರು ನಗರದಷ್ಟು. ಗಂಟೆಗೆ ನೂರಕ್ಕೂ ಹೆಚ್ಚು, ಅಂದರೆ ಸೀಟು ಭರ್ತಿಯಾದ ಎರಡು ಕೆಂಪು ಬಸ್ಸು ಪ್ರತಿ ಗಂಟೆಗೆ, ಹಗಲೂ ರಾತ್ರಿ.

ಇಷ್ಟು ದೊಡ್ಡ ಅಂಕಿ ಮನಸ್ಸಿಗೆ ಇಳಿಯುವುದಿಲ್ಲ, ಮೇಲೆಯೇ ತೇಲಿಹೋಗುತ್ತದೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ನಾಲ್ಕು ಚಿಕ್ಕ ಸಂಖ್ಯೆಗಳು: 12, 71, 27, 48.

ಇವು ಸ್ತನ ಕ್ಯಾನ್ಸರಿನ ಲೆಕ್ಕ. ಎಲ್ಲ ಅನುಕೂಲವಿರುವ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ಕಾಯಿಲೆ ಪತ್ತೆಯಾಗುತ್ತದೆ, ಆದರೆ ಅದರಿಂದ ಸಾಯುವವರು 71ರಲ್ಲಿ ಒಬ್ಬರು. ಏನೂ ಅನುಕೂಲವಿಲ್ಲದ ದೇಶಗಳಲ್ಲಿ ಪತ್ತೆಯಾಗುವುದು 27ರಲ್ಲಿ ಒಬ್ಬರಿಗೆ ಮಾತ್ರ, ಸಾಯುವವರು 48ರಲ್ಲಿ ಒಬ್ಬರು. ಇನ್ನೊಮ್ಮೆ ಓದಿ. ರೋಗ ಅರ್ಧಕ್ಕಿಂತ ಕಡಿಮೆ, ಸಾವು ಹೆಚ್ಚು. ಅನುಕೂಲವಿರುವ ಕಡೆ ರೋಗ ಬಂದ ಆರು ಮಂದಿಯಲ್ಲಿ ಒಬ್ಬರು ಹೋಗುತ್ತಾರೆ, ಇಲ್ಲದ ಕಡೆ ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು. ಕ್ಯಾನ್ಸರ್ ಶ್ರೀಮಂತರ ಕಾಯಿಲೆ, ಬಡವರಿಗೆ ಬರುವುದು ಕ್ಷಯ-ಕಾಲರಾ ಎಂದು ನಂಬಿದ ಒಂದು ಕಾಲವಿತ್ತು. ಕ್ಯಾನ್ಸರಿನಿಂದ ಸಾಯುವ ಹತ್ತು ಜನರಲ್ಲಿ ಸುಮಾರು ಏಳು ಜನ ಇವತ್ತು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು.

ಗಂಟು ಕೈಗೆ ಸಿಕ್ಕಿದ ದಿನಕ್ಕೂ ಡಾಕ್ಟರ ಕೈಗೆ ಸಿಕ್ಕಿದ ದಿನಕ್ಕೂ ನಡುವೆ ಎಷ್ಟು ತಿಂಗಳು ಎಂಬುದರಲ್ಲಿ ಈ ವ್ಯತ್ಯಾಸದ ದೊಡ್ಡ ಪಾಲು ಅಡಗಿದೆ. ನೋವಿಲ್ಲದ ಗಂಟನ್ನು ಯಾವ ಹೆಂಗಸೂ ಯಾರಿಗೂ ಹೇಳುವುದಿಲ್ಲ. ಬೇಸಾಯ ಮುಗಿಯಲಿ, ಮಗಳ ಬಾಣಂತನ ಮುಗಿಯಲಿ, ಜಾತ್ರೆ ಕಳೆಯಲಿ ಎಂದು ಮುಂದೂಡುತ್ತಾಳೆ. ಗಂಟು ಒಡೆದು ವಾಸನೆ ಬಂದಾಗ ಮಾತ್ರ ಮನೆಯವರಿಗೆ ಗೊತ್ತಾಗುತ್ತದೆ.

ಹಾಗೆ ಗೊತ್ತಾದ ಮೇಲೆ ನಮ್ಮ ರಾಜ್ಯದ ಯಾವ ಮೂಲೆಯಲ್ಲಾದರೂ ಕೇಳಿಬರುವ ಮಾತು ಒಂದೇ: ‘ಕಿದ್ವಾಯಿಗೆ ಕರ್ಕೊಂಡು ಹೋಗಿ.’ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಿಂದ ನಡೆಯುತ್ತಿರುವ ಆ ಸಂಸ್ಥೆಗೆ ವರ್ಷಕ್ಕೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಹೊಸ ರೋಗಿಗಳೇ ಬರುತ್ತಾರೆ. ಸ್ಕ್ಯಾನಿನ ದೊಡ್ಡ ಲಕೋಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಕಂಕುಳಲ್ಲಿ ಒತ್ತಿಕೊಂಡು ನಿಂತ ಜನರನ್ನು ಆ ರಸ್ತೆಯಲ್ಲಿ ಹೋಗುವವರೆಲ್ಲ ನೋಡಿರುತ್ತೀರಿ. ವಿಕಿರಣ ಚಿಕಿತ್ಸೆಗೆ ಅವರ ಬಾಯಲ್ಲಿ ಬೇರೆ ಹೆಸರಿದೆ. ‘ಕರೆಂಟು ಇಡ್ತಾರೆ’ ಎನ್ನುತ್ತಾರೆ.

‘ಎಷ್ಟು ಕರೆಂಟು ಆಯ್ತಮ್ಮ?’

‘ಹದಿನೆಂಟು ಆಗೈತಣ್ಣ, ಇನ್ನೂ ಏಳು ಐತೆ.’

ಬೆಂಚಿನ ಮೇಲೆ ಕೂತವರು ಮಾತಾಡಿಕೊಳ್ಳುವ ಈ ಲೆಕ್ಕದಲ್ಲಿ ಬಡವರ ಕ್ಯಾನ್ಸರ್ ಕಥೆಯ ಅರ್ಧ ಇದೆ. ಕರೆಂಟು ಒಂದೇ ದಿನಕ್ಕೆ ಮುಗಿಯುವುದಲ್ಲ. ವಾರಕ್ಕೆ ಐದು ದಿನ, ಐದಾರು ವಾರ. ಪ್ರತಿ ದಿನ ಮೇಜಿನ ಮೇಲೆ ಮಲಗುವುದು ಕೆಲವೇ ನಿಮಿಷ. ಉಳಿದ ಇಪ್ಪತ್ತಮೂರು ಮುಕ್ಕಾಲು ಗಂಟೆ ಎಲ್ಲಿರುವುದು? ಬೀದರಿನಿಂದ ಬೆಂಗಳೂರಿಗೆ ಏಳುನೂರು ಕಿಲೋಮೀಟರಿನಷ್ಟು ದಾರಿ. ದಿನಾ ಹೋಗಿ ಬರಲಾಗದು. ಜೊತೆಗೊಬ್ಬರು ಬೇಕು, ಅವರ ಕೂಲಿಯೂ ಹೋಯಿತು. ಚಿಕಿತ್ಸೆಯ ಖರ್ಚನ್ನು ಬಿಪಿಎಲ್ ಕಾರ್ಡು, ಆಯುಷ್ಮಾನ್ ಯೋಜನೆ ಹೊತ್ತುಕೊಂಡರೂ ಊಟ, ರೂಮು, ಬಸ್ಸಿನ ಚಾರ್ಜು, ಮನೆಯಲ್ಲಿ ಬಿಟ್ಟುಬಂದ ಎಮ್ಮೆ ಇವೆಲ್ಲ ಯಾವ ಕಾರ್ಡಿನಲ್ಲೂ ಬರುವುದಿಲ್ಲ.

ನಮ್ಮದು ಹೀಗೆ. ಇನ್ನು ಬೇರೆಯವರದ್ದು ಕೇಳಿ.

ಕ್ಯಾನ್ಸರ್ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಯಾವುದಾದರೊಂದು ಹಂತದಲ್ಲಿ ವಿಕಿರಣ ಬೇಕೇ ಬೇಕು. ಶ್ರೀಮಂತ ದೇಶಗಳಲ್ಲಿ ಸುಮಾರು ಒಂದು ಲಕ್ಷದ ಇಪ್ಪತ್ತು ಸಾವಿರ ಜನರಿಗೆ ಒಂದು ಯಂತ್ರವಿದೆ. ಬಡ ದೇಶಗಳಲ್ಲಿ ಐವತ್ತು ಲಕ್ಷ ಜನರಿಗೆ ಒಂದು. ಇದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಲೆಕ್ಕ. ಆಫ್ರಿಕದ ನೂರು ಜನರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನರಿಗೆ ಈ ಚಿಕಿತ್ಸೆ ಕೈಗೆಟುಕುವುದಿಲ್ಲವೆಂದೂ ಅದೇ ಸಂಸ್ಥೆ ಹೇಳಿದೆ. ಹತ್ತು ಕೋಟಿ ದಾಟಿದ ಜನಸಂಖ್ಯೆಯ ಇಥಿಯೋಪಿಯಾದಲ್ಲಿ ಬಹುಕಾಲದವರೆಗೆ ಇದ್ದದ್ದು ಒಂದೇ ವಿಕಿರಣ ಕೇಂದ್ರ, ಆಡಿಸ್ ಅಬಾಬದ ತಿಕುರ್ ಅನ್ಬೆಸ್ಸ ಆಸ್ಪತ್ರೆಯಲ್ಲಿ. ಆ ಹೆಸರಿನ ಅರ್ಥ ಕರಿಸಿಂಹ. ಕರ್ನಾಟಕ, ಆಂಧ್ರ ಎರಡೂ ರಾಜ್ಯದವರು ಒಂದೇ ಬಾಗಿಲಲ್ಲಿ ಸರದಿ ನಿಂತ ಹಾಗೆ.

ಉಗಾಂಡಾದ್ದು ಇನ್ನೂ ಕಠಿಣ. ರಾಜಧಾನಿ ಕಂಪಾಲದ ಮುಲಾಗೋ ಆಸ್ಪತ್ರೆಯಲ್ಲಿ ಒಂದು ಕೋಬಾಲ್ಟ್ ಯಂತ್ರವಿತ್ತು. ಇಡೀ ದೇಶಕ್ಕೆ ಅದೊಂದೇ. 1995ರಿಂದ ದುಡಿದಿತ್ತು, ಪಕ್ಕದ ದೇಶಗಳ ರೋಗಿಗಳೂ ಅಲ್ಲಿಗೇ ಬರುತ್ತಿದ್ದರು. 2016ರಲ್ಲಿ ಅದು ಕೆಟ್ಟಿತು, ರಿಪೇರಿ ಆಗದ ಹಾಗೆ ಕೆಟ್ಟಿತು. ಅಂದರೆ ಒಂದು ದಿನ ಬೆಳಿಗ್ಗೆ, ಸುಮಾರು ನಾಲ್ಕು ಕೋಟಿ ಜನರ ಒಂದು ದೇಶದಲ್ಲಿ ವಿಕಿರಣ ಚಿಕಿತ್ಸೆ ಎಂಬುದೇ ಇಲ್ಲವಾಯಿತು. ಹದಿನೆಂಟು ಕರೆಂಟು ಮುಗಿದು ಏಳು ಬಾಕಿ ಇದ್ದವರು ಅಲ್ಲಿಯೂ ಇದ್ದಿರಬೇಕು. ನಾನೂರು ರೋಗಿಗಳನ್ನು ಕೀನ್ಯಾದ ನೈರೋಬಿಗೆ ಕಳಿಸಿ ಚಿಕಿತ್ಸೆ ಕೊಡಿಸುವ ಏರ್ಪಾಡು ಪ್ರಕಟವಾಯಿತು. ಹೊಸ ಯಂತ್ರ ಬಂದು ಕೆಲಸಕ್ಕೆ ನಿಲ್ಲುವ ಹೊತ್ತಿಗೆ 2018 ಹುಟ್ಟಿತ್ತು. ಆ ಅವಧಿಯಲ್ಲಿ ಸರದಿಯಲ್ಲಿ ನಿಂತೇ ಹೋದವರು ಎಷ್ಟು ಮಂದಿಯೋ! ನಾನೂರು ಎಂಬ ಅಂಕಿಯ ಹೊರಗೆ ಉಳಿದವರ ಬಗ್ಗೆಯೇ ನನ್ನ ಮನಸ್ಸು ಸುತ್ತುತ್ತದೆ.

ಕೋಬಾಲ್ಟ್ ಯಂತ್ರದ ಕಥೆಯನ್ನು ಸ್ವಲ್ಪ ನಿಂತು ಹೇಳಬೇಕು. ಅದರೊಳಗೆ ಸೀಸದ ದಪ್ಪ ಗೋಡೆಯ ನಡುವೆ ಕೂತಿರುವ ಕೋಬಾಲ್ಟ್-60ರ ಬಿಲ್ಲೆ ಹೆಚ್ಚು ಕಡಿಮೆ ನಮ್ಮ ಒಂದು ರೂಪಾಯಿ ನಾಣ್ಯದಷ್ಟು ಅಗಲ. ಅದನ್ನು ಯಾರೂ ‘ಆನ್’ ಮಾಡುವುದಿಲ್ಲ, ಅದು ಸದಾ ಉರಿಯುತ್ತಲೇ ಇರುತ್ತದೆ. ಕಿಂಡಿ ತೆರೆದಾಗ ಕಿರಣ ಹೊರಗೆ, ಮುಚ್ಚಿದಾಗ ಒಳಗೆ. ಹಾಗಾಗಿ ವಿದ್ಯುತ್ತಿನ ಅಡಚಣೆ ಇರುವ, ದೊಡ್ಡ ಎಂಜಿನಿಯರುಗಳು ಸಿಗದ ಊರಿಗೂ ಅದು ಹೊಂದಿಕೊಳ್ಳುತ್ತದೆ. ಈಗಿನ ಲೀನಿಯರ್ ಆಕ್ಸಿಲರೇಟರ್ ಯಂತ್ರಗಳು ಹೆಚ್ಚು ಕರಾರುವಾಕ್ಕು, ಆದರೆ ಅವಕ್ಕೆ ಏರಿಳಿತವಿಲ್ಲದ ಕರೆಂಟು, ತಂಪು, ತಜ್ಞರು, ಕೋಟಿಗಟ್ಟಲೆ ಹಣ ಎಲ್ಲವೂ ಬೇಕು. ಕೋಬಾಲ್ಟಿಗೂ ಒಂದು ಸಂಕಟವಿದೆ. ಅದರ ಅರ್ಧಾಯು 5.27 ವರ್ಷ. ತಿಂಗಳಿಗೆ ಹೆಚ್ಚು ಕಡಿಮೆ ನೂರರಲ್ಲಿ ಒಂದು ಪಾಲು ಅದರ ಶಕ್ತಿ ಕರಗುತ್ತದೆ. ಯಂತ್ರ ಬಂದ ಹೊಸತರಲ್ಲಿ ಎರಡು ನಿಮಿಷ ಮಲಗಿದರೆ ಸಾಕಾಗಿದ್ದ ರೋಗಿ ಐದು ವರ್ಷದ ಮೇಲೆ ನಾಲ್ಕು ನಿಮಿಷ ಮಲಗಬೇಕು, ಹತ್ತು ವರ್ಷದ ಮೇಲೆ ಎಂಟು ನಿಮಿಷದ ಹತ್ತಿರ. ಹೊಸ ಬಿಲ್ಲೆ ಕೊಳ್ಳಲು ಹಣವಿಲ್ಲದ ಆಸ್ಪತ್ರೆಯಲ್ಲಿ ಸರದಿ ವರ್ಷದಿಂದ ವರ್ಷಕ್ಕೆ ಉದ್ದವಾಗುವುದಕ್ಕೆ ಇದೂ ಒಂದು ಕಾರಣ.

ಮುಂಬೈಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರದವರು ಇಂಥ ಯಂತ್ರವನ್ನು ನಮ್ಮಲ್ಲೇ ವಿನ್ಯಾಸ ಮಾಡಿ ಭಾಭಾಟ್ರಾನ್ ಎಂದು ಹೆಸರಿಟ್ಟರು. ಅದರ ತಂತ್ರಜ್ಞಾನ ಪಡೆದು ತಯಾರಿಸಿದ್ದು ಬೆಂಗಳೂರಿನ ಪ್ಯಾನೇಸಿಯಾ ಎಂಬ ಕಂಪನಿ. ಪರದೇಶದ ಯಂತ್ರಗಳಿಗಿಂತ ಅಗ್ಗ. ವಿಯೆಟ್ನಾಂ, ಮಂಗೋಲಿಯಾ ಮುಂತಾದ ದೇಶಗಳಿಗೆ ಭಾರತ ಇದನ್ನು ಉಡುಗೊರೆಯಾಗಿ ಕೊಟ್ಟಿದೆ. ರಾಕೆಟ್ ಹಾರಿದ ದಿನ ನಾವು ಹೆಮ್ಮೆ ಪಡುತ್ತೇವೆ, ಪಡಲೇಬೇಕು. ಆದರೆ ಉಲಾನ್‌ಬಾತರಿನ ಆಸ್ಪತ್ರೆಯೊಂದರಲ್ಲಿ ಬೆಂಗಳೂರಿನ ಯಂತ್ರದಡಿ ಒಬ್ಬ ಕುರಿಗಾಹಿ ಮಲಗಬಹುದು ಎಂಬುದು ನನಗೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿನ ಹೆಮ್ಮೆ.

ಈಗ ನೋವಿನ ಮಾತು. ಈ ಇಡೀ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಬೆಚ್ಚಿಬೀಳಿಸಿದ ಅಂಕಿ ಇರುವುದು ಇಲ್ಲಿ.

ಗುಣವಾಗದ ಹಂತಕ್ಕೆ ಹೋದ ರೋಗಿಗೆ ಎಲುಬಿಗೆ ಹಬ್ಬಿದ ಕ್ಯಾನ್ಸರ್ ಕೊಡುವ ನೋವನ್ನು ನೋಡಿದವರು ಮರೆಯುವುದಿಲ್ಲ. ಅದಕ್ಕೆ ಮದ್ದು ಇದೆ. ಇನ್ನೂರು ವರ್ಷ ಹಳೆಯ ಮಾರ್ಫಿನ್. ಯಾರ ಪೇಟೆಂಟೂ ಇಲ್ಲ, ಗುಳಿಗೆಗೆ ಕೆಲವೇ ರೂಪಾಯಿ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ನೇಮಿಸಿದ ಆಯೋಗವೊಂದು 2017ರಲ್ಲಿ ಲೆಕ್ಕ ತೆಗೆಯಿತು: ಜಗತ್ತಿನಲ್ಲಿ ವರ್ಷಕ್ಕೆ ಹಂಚಿಕೆಯಾಗುವ ಮಾರ್ಫಿನ್ ಮತ್ತು ಅದೇ ಜಾತಿಯ ನೋವುಮದ್ದು, ಎಲ್ಲವನ್ನೂ ಮಾರ್ಫಿನ್ ತೂಕಕ್ಕೆ ಇಳಿಸಿದರೆ, 298.5 ಟನ್. ಅದರಲ್ಲಿ ಅತಿ ಬಡ ದೇಶಗಳಿಗೆಲ್ಲ ಸೇರಿ ಮುಟ್ಟಿದ್ದು 0.1 ಟನ್.

ದಶಾಂಶ ಬಿಂದುವಿನಲ್ಲಿ ಬರೆದಾಗ ಇದು ಕಣ್ಣಿಗೆ ಹೊಡೆಯುವುದಿಲ್ಲ. ಎಪಿಎಂಸಿ ಯಾರ್ಡಿನಲ್ಲಿ ನಿಂತು ನೋಡೋಣ. ತಲಾ ಹತ್ತು ಟನ್ ಹೊತ್ತ ಮೂವತ್ತು ಲಾರಿ ಸಾಲಾಗಿ ನಿಂತಿವೆ. ಮೊದಲ ಲಾರಿಯಿಂದ ಕೊನೆಯ ಲಾರಿಗೆ ನಡೆದು ಹೋಗಲು ಕೆಲವು ನಿಮಿಷ ಬೇಕು. ಆ ಮೂವತ್ತು ಲಾರಿಯ ಸರಕಿನಿಂದ ಹಮಾಲರು ಎರಡು ಮೂಟೆ ಇಳಿಸುತ್ತಾರೆ. ಐವತ್ತು ಕಿಲೋದ ಎರಡು ಮೂಟೆ, ಒಂದು ಕ್ವಿಂಟಾಲ್. ಅತಿ ಬಡ ದೇಶಗಳ ಕೋಟಿಗಟ್ಟಲೆ ಜನರ ಇಡೀ ವರ್ಷದ ನರಳಾಟಕ್ಕೆ ಇಷ್ಟು. ಒಂದು ಟಿವಿಎಸ್ ಎಕ್ಸೆಲ್ ಮೇಲೆ ಹೇರಿಕೊಂಡು ಹೋಗಬಹುದು.

ಭಾರತ ಆ ಕಡುಬಡ ಪಟ್ಟಿಯಲ್ಲಿ ಇಲ್ಲ. ಆದರೂ ನಮ್ಮ ಲೆಕ್ಕ ಕೇಳಿ. ನೋವುಮದ್ದು ಬೇಕಾದ ಒಬ್ಬ ರೋಗಿಗೆ ವರ್ಷಕ್ಕೆ ಸಿಗುವ ಪಾಲು, ಅದೇ ವರದಿಯ ಪ್ರಕಾರ, 43 ಮಿಲಿಗ್ರಾಂ. ಅಮೆರಿಕದಲ್ಲಿ ಸುಮಾರು 55 ಸಾವಿರ ಮಿಲಿಗ್ರಾಂ. ಜೋರು ನೋವಿರುವ ರೋಗಿಗೆ ನಾಲ್ಕು ಗಂಟೆಗೊಮ್ಮೆ ಹತ್ತು ಮಿಲಿಗ್ರಾಂ ಕೊಡುವುದು ಸಾಮಾನ್ಯ ಕ್ರಮ. ಅಂದರೆ ದಿನಕ್ಕೆ 60. ನಮ್ಮ ಪಾಲಿನ 43 ಬೆಳಿಗ್ಗೆ ಶುರುವಾದರೆ ರಾತ್ರಿಯ ಊಟದ ಹೊತ್ತಿಗೆ ಮುಗಿದುಹೋಗುತ್ತದೆ. ವರ್ಷದಲ್ಲಿ ಇನ್ನೂ 364 ದಿನ ಉಳಿದಿವೆ. ಅಮೆರಿಕದಲ್ಲಿ ಇದೇ ಜಾತಿಯ ಔಷಧಿ ವಿವೇಚನೆಯಿಲ್ಲದೆ ಹರಿದು ಮನೆಮನೆಗಳನ್ನು ಹಾಳು ಮಾಡಿದೆ, ಅದೂ ನಿಜ. ಒಂದು ಕಡೆ ನೆರೆ, ಇನ್ನೊಂದು ಕಡೆ ಬರ.

ಎದೆ ಹಿಂಡುವ ಸಂಗತಿ ಇನ್ನೊಂದಿದೆ. ಹಬ್ಬಕ್ಕೆ ಪಾಯಸ ಮಾಡುವ ಗಸಗಸೆ ಬಿಡುವ ಗಿಡದ ಕಾಯಿಯಿಂದಲೇ ಅಫೀಮು ಬರುವುದು, ಅಫೀಮಿನಿಂದಲೇ ಮಾರ್ಫಿನ್. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ, ರಾಜಸ್ಥಾನದ ಚಿತ್ತೋಡಗಢ ಕಡೆ ರೈತರು ಸರ್ಕಾರದ ಪಟ್ಟಾ ಪಡೆದು ಅದನ್ನು ಬೆಳೆಯುತ್ತಾರೆ, ಕಾಯಿಗೆ ಗೀರು ಹಾಕಿ ಸೋರಿದ ಅಂಟನ್ನು ಮುಂಜಾನೆ ಕೆರೆದು ಸರ್ಕಾರಕ್ಕೇ ಒಪ್ಪಿಸುತ್ತಾರೆ. ಜಗತ್ತಿನ ಔಷಧ ಕಾರ್ಖಾನೆಗಳಿಗೆ ನಾವು ಅಫೀಮು ಕಳಿಸಿದೆವು. ನಮ್ಮ ರೋಗಿಗೆ? 1985ರಲ್ಲಿ ಮಾದಕವಸ್ತು ತಡೆ ಕಾಯ್ದೆ ಬಂತು. ಕಳ್ಳಸಾಗಣೆ ತಡೆಯಲು ಮಾಡಿದ ಕಾನೂನು ಆಸ್ಪತ್ರೆಯ ಬೀರುವನ್ನೂ ಹಿಡಿಯಿತು. ಮಾರ್ಫಿನ್ ಇಟ್ಟುಕೊಳ್ಳಲು ಹಲವು ಇಲಾಖೆಗಳ ಹಲವು ಲೈಸೆನ್ಸು, ಒಂದು ಕಾಗದ ತಪ್ಪಿದರೆ ಕಠಿಣ ಶಿಕ್ಷೆಯ ಭಯ. ಡಾಕ್ಟರುಗಳು, ಔಷಧಿ ಅಂಗಡಿಗಳು ಅದರ ಸಹವಾಸವೇ ಬೇಡವೆಂದರು. ಕಾಯ್ದೆ ಬಂದ ವರ್ಷ ದೇಶದಲ್ಲಿ ಬಳಕೆಯಾದ ಮಾರ್ಫಿನ್ ಆರುನೂರು ಕಿಲೋದ ಹತ್ತಿರವಿತ್ತು. 1997ರಲ್ಲಿ ಅದು 18 ಕಿಲೋಗೆ ಇಳಿಯಿತು. ಒಂದು ಎಣ್ಣೆ ಡಬ್ಬದ ತೂಕಕ್ಕಿಂತ ತುಸು ಹೆಚ್ಚು, ತೊಂಬತ್ತು ಕೋಟಿ ದಾಟಿದ ದೇಶಕ್ಕೆ. ಆ ಹನ್ನೆರಡು ವರ್ಷಗಳಲ್ಲಿ ಕೋಣೆಯ ಬಾಗಿಲು ಮುಚ್ಚಿಕೊಂಡು ದಿಂಬು ಕಚ್ಚಿ ಅತ್ತವರ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ.

ಈ ಗೋಡೆಯನ್ನು ಇಟ್ಟಿಗೆ ಇಟ್ಟಿಗೆಯಾಗಿ ಕೆಡವಿದವರು ಇದ್ದಾರೆ. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಗೆಳೆಯರು 1993ರಲ್ಲಿ ಕೋಯಿಕ್ಕೋಡಿನಲ್ಲಿ ನೋವು ಶಮನದ ಸಂಘ ಕಟ್ಟಿದರು. ಊರಿನ ಸಾಮಾನ್ಯ ಜನರೇ ಸ್ವಯಂಸೇವಕರಾಗಿ ಮನೆಮನೆಗೆ ಹೋಗುವ ಪದ್ಧತಿ ಅಲ್ಲಿಂದ ಬೆಳೆಯಿತು. ಕಾಯ್ದೆಗೆ 2014ರಲ್ಲಿ ತಿದ್ದುಪಡಿ ಬಂದು ಲೈಸೆನ್ಸಿನ ಸಿಕ್ಕು ಸಡಿಲಾಯಿತು. ನಮ್ಮ ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ರೋಗಿಗಳನ್ನು ಒಂದು ಪೈಸೆ ಕೇಳದೆ ನೋಡಿಕೊಳ್ಳುತ್ತಾರೆ. ಇನ್ನು ಉಗಾಂಡಾ, ಆ ಒಂಟಿ ಯಂತ್ರ ಕೆಟ್ಟ ಉಗಾಂಡಾ, ಈ ವಿಷಯದಲ್ಲಿ ನಮಗೆಲ್ಲ ಗುರು. ಡಾ. ಆನ್ ಮೆರಿಮನ್ 1993ರಲ್ಲಿ ಅಲ್ಲಿ ಶುರು ಮಾಡಿದ ಕೊನೆಗಾಲದ ಆರೈಕೆಯ ಹಾಸ್ಪಿಸ್ ಮಾರ್ಫಿನ್ ಪುಡಿಯನ್ನು ನೀರಿಗೆ ಕರಗಿಸಿ ಬಾಟಲಿಯಲ್ಲಿ ಕೊಡತೊಡಗಿತು. ಡಾಕ್ಟರುಗಳು ಸಾಲದ ದೇಶ, ಆದ್ದರಿಂದ ತರಬೇತಿ ಪಡೆದ ದಾದಿಯರೂ ಮಾರ್ಫಿನ್ ಬರೆದುಕೊಡಬಹುದೆಂದು ಸರ್ಕಾರವೇ ನಿಯಮ ಮಾಡಿತು.

ಆ ಲ್ಯಾನ್ಸೆಟ್ ಆಯೋಗ ಇನ್ನೊಂದು ಲೆಕ್ಕವನ್ನೂ ಕೊಟ್ಟಿತ್ತು. ಕಡುಬಡ ದೇಶಗಳಲ್ಲಿ ನೋವಿನಿಂದ ನರಳುವ ಹದಿನೈದರೊಳಗಿನ ಎಲ್ಲ ಮಕ್ಕಳಿಗೂ ಸಾಕಾಗುವಷ್ಟು ಮಾರ್ಫಿನ್ನಿಗೆ ವರ್ಷಕ್ಕೆ ಬೇಕಾದ ಹಣ ಹತ್ತು ಲಕ್ಷ ಡಾಲರ್. ರೂಪಾಯಿಯಲ್ಲಿ ಹತ್ತು ಕೋಟಿಯೂ ಆಗದ ಹಣ. ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಒಂದು ಸೈಟು ಆ ಬೆಲೆಗೆ ಹೋಗುತ್ತದೆ. ಇದನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಔಷಧಿಯ ಬೆಲೆಯ ಮಾತು ಬಂದದ್ದರಿಂದ ಎರಡು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಲಿವರ್ ಮತ್ತು ಕಿಡ್ನಿ ಕ್ಯಾನ್ಸರಿಗೆ ಕೊಡುವ ಸೊರಾಫೆನಿಬ್ ಮಾತ್ರೆ ಬೇಯರ್ ಕಂಪನಿಯದು. ಒಂದು ಕಾಲದಲ್ಲಿ ತಿಂಗಳ ಔಷಧಿಗೆ 2 ಲಕ್ಷದ 80 ಸಾವಿರ ರೂಪಾಯಿ ಇತ್ತು. 2012ರ ಮಾರ್ಚ್‌ನಲ್ಲಿ ಭಾರತದ ಪೇಟೆಂಟ್ ನಿಯಂತ್ರಕರು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ, ಪೇಟೆಂಟ್ ಒಡೆಯರ ಒಪ್ಪಿಗೆಯಿಲ್ಲದೆಯೂ ಅದನ್ನು ತಯಾರಿಸಲು ಕಡ್ಡಾಯ ಪರವಾನಗಿ ಕೊಟ್ಟರು. ದೇಶದ ಇತಿಹಾಸದಲ್ಲೇ ಮೊದಲನೆಯದು. ಅದೇ ಔಷಧಿ ತಿಂಗಳಿಗೆ 8,880 ರೂಪಾಯಿಗೆ ಇಳಿಯಿತು. ಒಬ್ಬ ರೋಗಿಯ ಒಂದು ತಿಂಗಳ ಹಣದಲ್ಲಿ ಮೂವತ್ತೊಂದು ರೋಗಿಗಳು! ಮರುವರ್ಷ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಯ ಗ್ಲೀವೆಕ್ ಎಂಬ ಕ್ಯಾನ್ಸರ್ ಮಾತ್ರೆಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಇಲ್ಲಿ ತಯಾರಾಗುವ ಅಗ್ಗದ ಮಾತ್ರೆ ಹೊರದೇಶಗಳ ಬಡ ರೋಗಿಗಳಿಗೂ ಹೋಗುವ ದಾರಿ ಹಾಗೆ ಉಳಿಯಿತು.

ದುಬಾರಿ ಮದ್ದು, ದುಬಾರಿ ಯಂತ್ರ ಇವೆಲ್ಲದರ ನಡುವೆ, ಗೋಬಿ ಮಂಚೂರಿ ಮಾಡುವವನ ಗಾಡಿಯಲ್ಲಿ ಇರುವ ವಿನೆಗರಿಗೂ ಈ ಕತೆಯಲ್ಲಿ ಜಾಗವಿದೆ. ಗರ್ಭಕಂಠದ ಕ್ಯಾನ್ಸರಿನಿಂದ 2022ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ 50 ಸಾವಿರ ಹೆಂಗಸರು ಸತ್ತರು. ಅವರಲ್ಲಿ ನೂರಕ್ಕೆ 94 ಮಂದಿ ಬಡ ಮತ್ತು ಮಧ್ಯಮ ಆದಾಯದ ದೇಶದವರು. ಭಾರತದಲ್ಲೇ ಸುಮಾರು 80 ಸಾವಿರ. ಈ ಕ್ಯಾನ್ಸರ್ ರಾತ್ರೋರಾತ್ರಿ ಬರುವುದಲ್ಲ. ಎಚ್‌ಪಿವಿ ಎಂಬ ವೈರಸ್ಸು ಅಂಟಿ, ಜೀವಕೋಶ ಕೆಟ್ಟು, ಗಡ್ಡೆಯಾಗಲು ಸಾಮಾನ್ಯವಾಗಿ ಹದಿನೈದು-ಇಪ್ಪತ್ತು ವರ್ಷ ಹಿಡಿಯುತ್ತದೆ. ಅಷ್ಟು ವರ್ಷಗಳಲ್ಲಿ ಯಾವತ್ತಾದರೂ ಒಂದು ದಿನ ಯಾರಾದರೂ ನೋಡಿದರೆ ಸಾಕು. ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಸುರೇಂದ್ರ ಶಾಸ್ತ್ರಿ ಮತ್ತು ತಂಡದವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ 1998ರಿಂದ ದೊಡ್ಡ ಪ್ರಯೋಗ ನಡೆಸಿದರು. ಪರೀಕ್ಷೆ ಮಾಡಿದವರು ಡಾಕ್ಟರುಗಳಲ್ಲ, ನಾಲ್ಕು ವಾರ ತರಬೇತಿ ಪಡೆದ, ಹತ್ತನೆಯ ತರಗತಿ ಓದಿದ ಹೆಣ್ಣುಮಕ್ಕಳು. ಹತ್ತಿಯಲ್ಲಿ ತೆಳು ವಿನೆಗರ್ ಹಚ್ಚಿ ಒಂದು ನಿಮಿಷ ಕಾಯುವುದು. ಕೆಟ್ಟ ಜಾಗ ಬೆಳ್ಳಗೆ ಕಾಣುತ್ತದೆ. ಹನ್ನೆರಡು ವರ್ಷದ ಮೇಲೆ ನೋಡಿದಾಗ ಪರೀಕ್ಷೆಯಾದವರಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಇಳಿದಿತ್ತು. ನಮ್ಮ ಬೀದರ್-ಕಲಬುರಗಿಯ ಗಡಿಯಾಚೆಗಿನ, ಆಗ ಉಸ್ಮಾನಾಬಾದ್ ಎಂಬ ಹೆಸರಿದ್ದ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಜೀವಮಾನಕ್ಕೊಮ್ಮೆ ಮಾಡಿದ ವೈರಸ್ ಪರೀಕ್ಷೆಯೇ ಸಾವನ್ನು ಅರ್ಧಕ್ಕೆ ತಂದಿತು.

ಲಸಿಕೆಯ ಕತೆ ಇನ್ನೂ ಸೋಜಿಗ. 2009ರಲ್ಲಿ ಭಾರತದಲ್ಲಿ 20 ಸಾವಿರ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಕೊಟ್ಟು ಎರಡು ಡೋಸ್ ಸಾಕೋ ಮೂರು ಬೇಕೋ ಎಂದು ನೋಡುವ ಅಧ್ಯಯನ ಹೊರಟಿತು. ಬೇರೊಂದು ಲಸಿಕಾ ಯೋಜನೆಯ ವಿವಾದದಿಂದಾಗಿ 2010ರ ಏಪ್ರಿಲ್‌ನಲ್ಲಿ ಸರ್ಕಾರ ಇಂಥ ಎಲ್ಲವನ್ನೂ ನಿಲ್ಲಿಸಿತು. ಸುಮಾರು ಐದು ಸಾವಿರ ಹುಡುಗಿಯರಿಗೆ ಒಂದೇ ಡೋಸ್ ಆಗಿ ನಿಂತುಹೋಯಿತು. ಸಂಶೋಧಕರು ಅವರ ಕೈಬಿಡಲಿಲ್ಲ, ಹತ್ತು ವರ್ಷ ಹಿಂಬಾಲಿಸಿದರು. ಒಂದು ಡೋಸು ಸಹ ಅಪಾಯದ ಎರಡು ವೈರಸ್ಸುಗಳನ್ನು ನೂರಕ್ಕೆ 95ರಷ್ಟು ತಡೆದಿತ್ತು! ಅರ್ಧಕ್ಕೆ ನಿಂತ ಕೆಲಸವೇ ಜಗತ್ತಿಗೆ ದಾರಿ ತೋರಿಸಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದೇ ಡೋಸಿನ ಕ್ರಮವನ್ನೂ ಒಪ್ಪಿಕೊಂಡಾಗ ಅದರ ಹಿಂದಿನ ಪುರಾವೆಗಳಲ್ಲಿ ನಮ್ಮ ಈ ಹುಡುಗಿಯರ ರಕ್ತದ ಮಾದರಿಗಳೂ ಇದ್ದವು. ಮೂರು ಡೋಸ್ ಕೊಡುವಷ್ಟು ಲಸಿಕೆಯಲ್ಲಿ ಮೂರು ಹುಡುಗಿಯರು ಎಂದಾಯಿತು. ರುವಾಂಡಾ ಅದಕ್ಕೂ ಮುಂಚೆಯೇ, ಮೂರು ಡೋಸಿನ ಕಾಲದಲ್ಲೇ, 2011ರಲ್ಲಿ ಶಾಲೆ ಶಾಲೆಗೆ ಹೋಗಿ ತನ್ನ ಆರನೆಯ ತರಗತಿಯ ಹೆಣ್ಣುಮಕ್ಕಳಲ್ಲಿ ನೂರಕ್ಕೆ 93 ಮಂದಿಗೆ ಲಸಿಕೆ ಮುಟ್ಟಿಸಿತು. ಹದಿನೇಳು ವರ್ಷ ಹಿಂದೆ ನರಮೇಧದಲ್ಲಿ ಲಕ್ಷಾಂತರ ಜನರನ್ನು ಕಳೆದುಕೊಂಡಿದ್ದ, ಹಣವಿಲ್ಲದ, ಗುಡ್ಡಗಾಡಿನ ದೇಶ ಅದು.

2050ರ ಹೊತ್ತಿಗೆ ವರ್ಷಕ್ಕೆ ಮೂರೂವರೆ ಕೋಟಿ ಹೊಸ ರೋಗಿಗಳು ಎಂಬುದು ಈಗಿನ ಅಂದಾಜು. ಕಡುಬಡ ದೇಶಗಳಲ್ಲಿ ಸಂಖ್ಯೆ ಎರಡೂವರೆ ಪಟ್ಟಿನ ಹತ್ತಿರ ಹೋಗುತ್ತದಂತೆ. ಅದರಲ್ಲಿ ಎಷ್ಟು ಮಂದಿ ಉಳಿಯುತ್ತಾರೆ ಎಂಬುದಕ್ಕೆ ರುವಾಂಡಾದ 93 ಒಂದು ಅಳತೆ, ಆ ಒಂದು ಕ್ವಿಂಟಾಲ್ ಇನ್ನೊಂದು ಅಳತೆ. ಎರಡೂ ಬಡ ದೇಶಗಳವೇ.

ಮಡಗಾಸ್ಕರಿಗೂ ಭಾರತ ಒಂದು ಭಾಭಾಟ್ರಾನ್ ಕೊಟ್ಟಿದೆ. ರಾಜಧಾನಿ ಅಂಟಾನಾನರಿವೊದಲ್ಲಿ ಅದು ನಿಂತಿದೆ. ನಿತ್ಯಕಲ್ಯಾಣಿಯ ಬೀಜ ಯಾವತ್ತೋ ಹಡಗಿನಲ್ಲಿ ಆ ದ್ವೀಪದಿಂದ ಹೊರಟು ನಮ್ಮ ಅಂಗಳಕ್ಕೆ ಬಂತು, ಅದೇ ಸಮುದ್ರ ದಾಟಿ ಬೆಂಗಳೂರಿನ ಯಂತ್ರ ಆ ಕಡೆಗೆ ಹೋಯಿತು. ಅಲ್ಲಿ ಈಗ ಸರದಿಯಲ್ಲಿ ನಿಂತಿರುವ ಹೆಂಗಸು ಎಷ್ಟನೆಯ ಕರೆಂಟಿಗೆ ಬಂದಿದ್ದಾಳೋ ಗೊತ್ತಿಲ್ಲ. ಯಂತ್ರದೊಳಗಿನ ನಾಣ್ಯದಗಲದ ಕೋಬಾಲ್ಟು ಈ ತಿಂಗಳೂ ನೂರರಲ್ಲೊಂದು ಪಾಲು ಕರಗಿದೆ.